ಸುಬ್ಬಿ ಮತ್ತು ಆರು ಗೋಣಿಚೀಲ

ಹೋದ ವಾರ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಮಗ ಓದುವ ಕಾಲೇಜಿನ ಕಾಂಪೌಂಡಿನಲ್ಲಿ ನಾಲ್ಕೈದು ನಾಯಿಗಳಿದ್ದವಂತೆ. ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳ ಒಳಗಿರುವ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆಮೇಲೆ ಪಾಪ ಅನ್ನಿಸಿ ಅವುಗಳಲ್ಲಿ ಒಂದನ್ನು ಮನೆಗೆ ತಂದಿದ್ದಾಳೆ. ಎಲ್ಲಕ್ಕಿಂತ ಹೆದರುಪುಕ್ಕಲಿ ಯಾವುದೋ ಅದನ್ನೇ. ತಂದು ಒಂಬತ್ತು ದಿನ ಆಗಿದೆ. ನಾಯಿ ವಾಷಿಂಗ್ ಮೆಷಿನ್ ಹಿಂದೆ ಸೇರಿಕೊಂಡಿದೆ, ಹೊರಗೆ ಬರುತ್ತಿಲ್ಲ.

"ದಿನಾ ಪಕ್ಕದಲ್ಲೇ ಕೂತು ಮಾತಾಡಿಸ್ತೀನಿ, ಕೈಯಲ್ಲೇ ತಿನ್ನಿಸೋಕೆ ನೋಡ್ತೀನಿ, ಆದ್ರೂ ನಡುಗುತ್ತೆ ಕಣೇ" ಅಂದಳು.

ಪಕ್ಕದಲ್ಲಿ ಕೂರೋದನ್ನ ಮೊದಲು ನಿಲ್ಲಿಸು ಅಂದೆ. ಅವಳಿಗೆ ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತದೆ. ಫೋನಿನಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನೇನು ಟ್ರೈನರ್ ಅಲ್ಲ, ಡಾಕ್ಟರೂ ಅಲ್ಲ. ಸುಬ್ಬಿ ಅನ್ನುವ ಒಂದು ನಾಯಿಯ ಜೊತೆ ಎರಡೂವರೆ ವರ್ಷ ಕಳೆದವಳು, ಅಷ್ಟೇ.

ಸುಬ್ಬಿ ಮೈಸೂರಿನ ನಮ್ಮ ಮನೆಗೆ ಬಂದಿದ್ದು 2023ರ ಜೂನ್‌ನಲ್ಲಿ. ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿಗಳಿವೆಯಲ್ಲ, ಅಂಥ ನಿಂತುಹೋದ ಒಂದು ಕ್ವಾರಿಯಲ್ಲಿ ಹುಟ್ಟಿ ಬೆಳೆದವಳು. ಬೀದಿ ನಾಯಿ ಬೇರೆ, ಇವಳು ಬೇರೆ. ಬೀದಿ ನಾಯಿ ಜನರ ಕಾಲಸಂದಿಯಲ್ಲೇ ಬೆಳೆಯುತ್ತದೆ. ಟೀ ಅಂಗಡಿ ಮುಂದೆ ಬನ್ ಎಸೆಯುವವರು ಯಾರು, ಕಲ್ಲು ಎಸೆಯುವವರು ಯಾರು ಅಂತ ಅದಕ್ಕೆ ನೂರು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ. ಸುಬ್ಬಿಗೆ ಮನುಷ್ಯ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಹಿಂಗಾಲು ಮುರಿದು ಕೀವಾಗಿತ್ತು, ಕೆಲವು ಹುಡುಗರು ಬಲೆ ಹಾಕಿ ಹಿಡಿದು ತಂದರು, ಡಾಕ್ಟರು ಆ ಕಾಲನ್ನೇ ತೆಗೆಯಬೇಕಾಯಿತು.

ಇಂಥ ನಾಯಿಗಳಿಗೆ ಮನೆಯೇ ಬೇಕು ಅನ್ನುವವಳು ನಾನಲ್ಲ. ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಅಂತ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದಲ್ಲೇ ಇದೆ, ಕಾಡುಕಾಡಾಗಿ ಬೆಳೆದ ಎಷ್ಟೋ ನಾಯಿಗಳಿಗೆ ಅದೇ ಒಳ್ಳೆಯದು. ಆದರೆ ಮೂರು ಕಾಲಿನ ನಾಯಿಯನ್ನು ಚಿರತೆ ಓಡಾಡುವ ಕ್ವಾರಿಗೆ ವಾಪಸ್ ಬಿಡೋದು ಹೇಗೆ? "ಅಕ್ಕ, ಒಂದು ಆರು ವಾರ ಇಟ್ಕೊಳ್ಳಿ" ಅಂದರು ಹುಡುಗರು. ಆ ಆರು ವಾರ ಇನ್ನೂ ಮುಗಿದಿಲ್ಲ.

ಅವಳಿಗೆ ಅಂತ ಒಂದು ರೂಮು ರೆಡಿ ಮಾಡಿದ್ದೆ. ಹೊಸ ಹಾಸಿಗೆ, ರಬ್ಬರ್ ಬಾಲು, ಪಳಪಳ ಅನ್ನುವ ಸ್ಟೀಲ್ ಬೋಗುಣಿ. ಸೆಖೆ ಆಗಬಾರದು ಅಂತ ಫ್ಯಾನ್ ಬೇರೆ. ಅವಳ ಕಡೆಯಿಂದ ನೋಡಿದರೆ: ತಲೆ ಮೇಲೆ ಏನೋ ತಿರುಗುತ್ತಿದೆ, ಬೋಗುಣಿಗೆ ಮೂತಿ ಹಾಕಿದರೆ ಅದರೊಳಗೆ ಇನ್ನೊಂದು ನಾಯಿ ಕಾಣುತ್ತದೆ, ಮುಟ್ಟಿದರೆ ಟಣ್ ಅನ್ನುತ್ತದೆ, ಹಾಸಿಗೆ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತದೆ. ಇದರ ಮೇಲೆ ಬಾಗಿಲಲ್ಲಿ ನಾನು, "ಬಾ ಚಿನ್ನಿ, ಬಾ ಬಂಗಾರಿ" ಅಂತ. ಮಂಚದ ಕೆಳಗೆ, ಗೋಡೆ ಮೂಲೆಗೆ ಅಂಟಿಕೊಂಡವಳು ಹಗಲು ಹೊತ್ತು ಅಲ್ಲಾಡಲಿಲ್ಲ. ಊಟ ರಾತ್ರಿ ನಾವೆಲ್ಲ ಮಲಗಿದ ಮೇಲೆ. ಉಚ್ಚೆ ಅಲ್ಲೇ.

ನಾಯಿ ಹೆದರುತ್ತದೆ ಅಂದರೆ ಮನುಷ್ಯರಿಗೇ ಹೆದರುತ್ತದೆ ಅಂತ ನಾವು ತಿಳಿದುಬಿಡುತ್ತೇವೆ. ನೋಡಿದರೆ ಸುಬ್ಬಿಯ ಪಟ್ಟಿಯಲ್ಲಿ ನಾನು ಎರಡನೆಯವಳೋ ಮೂರನೆಯವಳೋ. ಮೊದಲನೆಯದು ನೆಲ.

ಇದನ್ನು ಕಂಡುಹಿಡಿದಿದ್ದು ನಾನಲ್ಲ, ನಮ್ಮಮ್ಮ. ಅಮ್ಮನಿಗೆ ನಾಯಿ ಅಂದರೆ ಚಿಕ್ಕಂದಿನಿಂದ ಭಯ, ರೂಮಿನ ಹೊಸ್ತಿಲು ದಾಟುತ್ತಿರಲಿಲ್ಲ. ಐದನೇ ದಿನ ಬೆಳಿಗ್ಗೆ ಹೊಸ್ತಿಲಾಚೆಯಿಂದ ಇಣುಕಿ ನೋಡಿದ್ದಾರೆ. ಸುಬ್ಬಿ ಏಳಲು ಹೋದಳು, ನುಣುಪಾದ ಟೈಲ್ಸ್ ಮೇಲೆ ಮುಂಗಾಲು ಎರಡೂ ಎರಡು ಕಡೆ ಸರಿದವು, ಇದ್ದೊಂದು ಹಿಂಗಾಲು ಜಾರಿತು, ಆಗ ತಾನೇ ಹುಟ್ಟಿದ ಕರುವಿನ ಹಾಗೆ ದೊಪ್ ಅಂತ ಕೂತಳು. "ಅಯ್ಯೋ, ಇದಕ್ಕೆ ಜಾರುತ್ತಲ್ಲೇ" ಅಂದರು ಅಮ್ಮ. "ಕಾಲೂರೋಕೇ ಜಾಗ ಇಲ್ಲ, ಧೈರ್ಯ ಎಲ್ಲಿಂದ ಬರಬೇಕು?"

ಊರಿಂದ ತೆಂಗಿನಕಾಯಿ ತುಂಬಿಕೊಂಡು ಬಂದಿದ್ದ ಗೋಣಿಚೀಲ ಅಟ್ಟದ ಮೇಲಿದ್ದವು. ಆರು ಇಳಿಸಿ ಕೊಡವಿದೆ. ಸುಮ್ನೆ ಹಾಸಿದರೆ ಚೀಲವೇ ಜಾರುತ್ತಿತ್ತು, ಅದಕ್ಕೆ ಅಂಚಿಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿದೆ. ಮಂಚದಿಂದ ನೀರಿನ ತನಕ ಎರಡು, ನೀರಿನಿಂದ ಹಿತ್ತಲ ಬಾಗಿಲ ತನಕ ನಾಲ್ಕು. ಸ್ಟೀಲ್ ಬೋಗುಣಿ ತೆಗೆದು ಮಣ್ಣಿನ ಮಡಿಕೆ ಇಟ್ಟೆ, ಫ್ಯಾನ್ ಆಫ್ ಮಾಡಿದೆ. ಆ ರಾತ್ರಿ ಎರಡು ಗಂಟೆ ಹೊತ್ತಿಗೆ ಹಾಲ್‌ನಲ್ಲಿ ಮಲಗಿದ್ದ ನನಗೆ ಸರಕ್ ಸರಕ್ ಅಂತ ಗೋಣಿ ಮೇಲೆ ಉಗುರಿನ ಸದ್ದು ಕೇಳಿಸಿತು. ನಾಲ್ಕು ಹೆಜ್ಜೆ, ನಿಂತಳು, ಮತ್ತೆ ನಾಲ್ಕು. ಉಸಿರು ಬಿಗಿಹಿಡಿದು ಕೇಳಿಸಿಕೊಂಡೆ. ಹಿತ್ತಲ ಬಾಗಿಲ ತನಕ ಹೋಗಿ ವಾಪಸ್ ಬಂದಳು.

ಆಮೇಲೆ ಒಂದಿಷ್ಟು ಓದಿಕೊಂಡೆ. ನಾಯಿಮರಿಗೆ ಸುಮಾರು 3 ವಾರದಿಂದ 12-14 ವಾರದ ತನಕ ಒಂದು ಕಾಲ ಇರುತ್ತದೆ, ಆಗ ಯಾರನ್ನು ಏನನ್ನು ನೋಡಿ ಬೆಳೆಯುತ್ತದೋ ಅದೆಲ್ಲ ಅದಕ್ಕೆ ಮಾಮೂಲಿ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ, 1961ರಲ್ಲಿ ಪ್ರಕಟವಾಯಿತು. ಎತ್ತರದ ಬೇಲಿ ಹಾಕಿದ ಬಯಲಲ್ಲಿ ಕಾಕರ್ ಸ್ಪೇನಿಯಲ್ ಮತ್ತು ಬೀಗಲ್ ಮರಿಗಳನ್ನು ಮನುಷ್ಯರ ಒಡನಾಟವೇ ಇಲ್ಲದೆ ಬೆಳೆಸಿದರು. ಕೆಲವನ್ನು ನಡುನಡುವೆ, 2 ವಾರದಿಂದ 9 ವಾರದ ಒಳಗೆ, ಒಂದೊಂದು ವಾರ ಹೊರತಂದು ಮುದ್ದಿಸಿದರು. ಕೆಲವನ್ನು 14 ವಾರದ ತನಕ ಹಾಗೇ ಬಿಟ್ಟರು. ಕಾಕರ್, ಬೀಗಲ್ ಅಂದರೆ ಸಿಕ್ಕಿದವರ ಮುಖವನ್ನೆಲ್ಲ ನೆಕ್ಕುವ ಜಾತಿ. ಆದರೂ 14 ವಾರ ಹಾಗೇ ಬಿಟ್ಟ ಮರಿಗಳು ಆಮೇಲೆ ಮನುಷ್ಯರಿಗೆ ಸರಿಯಾಗಿ ಒಗ್ಗಲೇ ಇಲ್ಲ. ಸುಬ್ಬಿ ನಮಗೆ ಸಿಕ್ಕಾಗ ಒಂದೂವರೆ ವರ್ಷ ಅಂತ ಡಾಕ್ಟರು ಅಂದಾಜು ಮಾಡಿದ್ದರು. ಇದನ್ನು ಓದಿದ ದಿನ ಅತ್ತೆ, ನಿಜ ಹೇಳಬೇಕು ಅಂದರೆ. ಆಮೇಲೆ ಮನಸ್ಸು ಹಗುರ ಆಯಿತು. ಬಂದವರ ಕಾಲಿಗೆಲ್ಲ ಸುತ್ತಿಕೊಳ್ಳುವ ನಾಯಿ ಇವಳಾಗೋದಿಲ್ಲ, ಆಗಬೇಕಾಗಿಯೂ ಇಲ್ಲ. ಈ ಮನೆ, ಈ ಹಿತ್ತಲು, ನಾವು ಮೂರು ಜನ, ಇಷ್ಟರಲ್ಲಿ ಅವಳು ನೆಮ್ಮದಿಯಾಗಿದ್ದರೆ ಸಾಕು.

ನೀನು ಕೈಯಲ್ಲಿ ತಿನ್ನಿಸುತ್ತಿದ್ದೀಯಲ್ಲ, ಅದರ ವಿಷಯ ಈಗ. ನಾನೂ ಅದನ್ನೇ ಮಾಡಿದೆ. ಬೇಯಿಸಿದ ಕೋಳಿ ಲಿವರ್ ಹಿಡಿದು ಕೂರುತ್ತಿದ್ದೆ (ಅಮ್ಮ ಅಡುಗೆಮನೆಯೊಳಗೆ ಬಿಡುವುದಿಲ್ಲ, ಹಿತ್ತಲಲ್ಲಿ ಹಳೇ ಇಂಡಕ್ಷನ್ ಸ್ಟೌ ಇಟ್ಟುಕೊಂಡು ಬೇಯಿಸುತ್ತಿದ್ದೆ). ಸುಬ್ಬಿ ಬರುತ್ತಿದ್ದಳು. ಹೇಗೆ ಅಂದರೆ, ಹಿಂಗಾಲು ಗೋಣಿ ಮೇಲೆ ಊರಿಕೊಂಡು, ಕತ್ತು ಮಾತ್ರ ರಬ್ಬರಿನ ಹಾಗೆ ಉದ್ದ ಮಾಡಿ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡಿಕೊಂಡು. ಲಿವರ್ ಬಾಯಿಗೆ ಸಿಕ್ಕಿದ ತಕ್ಷಣ ತಾನು ಎಲ್ಲಿದ್ದೇನೆ ಅಂತ ಗೊತ್ತಾಗಿ ಬೆಚ್ಚಿಬಿದ್ದು ಓಡುತ್ತಿದ್ದಳು. ನನಗೆ ಖುಷಿಯೋ ಖುಷಿ, ಕೈಯಿಂದ ತಿಂದಳು ಅಂತ. ಅವಳಿಗೆ ಅದು ಹಸಿವಿಗೂ ಭಯಕ್ಕೂ ನಡೆಯುವ ಜಗ್ಗಾಟ. ದಿನಕ್ಕೆ ಹತ್ತು ಸಲ ಬೆಚ್ಚಿಬೀಳುವುದನ್ನು ನಾನೇ ಅಭ್ಯಾಸ ಮಾಡಿಸುತ್ತಿದ್ದೆ.

ಸರಿಯಾದ ದಾರಿ ಉಲ್ಟಾ. ತಿಂಡಿಯನ್ನು ನಿನ್ನ ಹತ್ತಿರ ಇಡಬೇಡ, ಅದರ ಹಿಂದಕ್ಕೆ ಎಸೆ. ಎಸೆದಾಗ ಅದು ನಿನ್ನಿಂದ ದೂರ ಹೋಗುತ್ತದೆ, ದೂರ ಹೋದ ಸಮಾಧಾನ ಒಂದು, ತಿಂಡಿ ಸಿಕ್ಕಿದ ಸಮಾಧಾನ ಇನ್ನೊಂದು. ತಿಂದು ತಿರುಗಿ ನೋಡುತ್ತದೆ. ಇನ್ನೊಂದು ಬರುತ್ತದಾ ಅಂತ ತಾನಾಗಿ ಒಂದು ಹೆಜ್ಜೆ ಮುಂದೆ ಇಡುತ್ತದೆ. ಮತ್ತೆ ಹಿಂದಕ್ಕೇ ಎಸೆ. ಎಷ್ಟು ಹತ್ತಿರ ಬರಬೇಕು ಅನ್ನೋದು ಪೂರ್ತಿ ಅದರ ಕೈಯಲ್ಲಿರುತ್ತದೆ, ನೀನು ಮಾಡಬೇಕಾಗಿರುವುದು ಪಕ್ಕಕ್ಕೆ ತಿರುಗಿ ಕೂರುವುದು, ದಿಟ್ಟಿಸಿ ನೋಡದಿರುವುದು, ಅಷ್ಟೇ. ಸುಬ್ಬಿ ಹೀಗೆ 19 ದಿನಕ್ಕೆ ನನ್ನ ಮೊಣಕಾಲಿನಿಂದ ಒಂದು ಗೇಣು ದೂರಕ್ಕೆ ಬಂದಳು, ಈ ಸಲ ಕತ್ತು ಚಾಚದೆ, ಮೂರೂ ಕಾಲಿನ ಮೇಲೆ ಮಾಮೂಲಿಯಾಗಿ ನಿಂತು.

ಇಷ್ಟು ಆದ ಮೇಲೆ ನಾನು ದೊಡ್ಡ ತಪ್ಪೊಂದು ಮಾಡಿದೆ. ಇನ್ನೂ ಬೇಗ ಆಗಲಿ ಅಂತ ದುಡ್ಡು ಕೊಟ್ಟು ಒಬ್ಬರು ಟ್ರೈನರ್‌ನ ಕರೆಸಿದೆ. "ಮೇಡಂ, ನೀವು ಜಾಸ್ತಿ ಸಲಿಗೆ ಕೊಟ್ಟಿದ್ದೀರಿ. ಟವೆಲ್ ಸುತ್ತಿ ತೊಡೆ ಮೇಲೆ ಹಿಡ್ಕೊಳ್ಳಿ, ಒದ್ದಾಡಲಿ, ಬಿಡಬೇಡಿ, ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತೆ" ಅಂದರು. ತಣ್ಣಗಾದಳು, ನಿಜ. ಒದ್ದಾಡಿ, ನನ್ನ ಸೀರೆ ಮೇಲೆ ಉಚ್ಚೆ ಮಾಡಿ, ಆಮೇಲೆ ಹೆಣದ ಹಾಗೆ ಬಿದ್ದುಕೊಂಡಳು. ಬಾಯಿ ಮುಚ್ಚಿತ್ತು, ಕಣ್ಣು ಎಲ್ಲೋ. ನೋಡಿ, ಒಪ್ಪಿಕೊಂಡಳು ಅಂದರು ಅವರು. ಒಪ್ಪಿದ್ದಲ್ಲ ಅದು, ಏನು ಮಾಡಿದರೂ ಬಿಡಿಸಿಕೊಳ್ಳಲು ಆಗುವುದಿಲ್ಲ ಅಂತ ಕೈಚೆಲ್ಲಿದ್ದು. ಅವರು ಹೋದ ಮೇಲೆ ನಾನು ಸಮಾಧಾನ ಮಾಡಲು ಮಂಚದ ಕೆಳಗೆ ಕೈ ಹಾಕಿದೆ, ಕಚ್ಚಿದಳು. ಹೆಬ್ಬೆರಳ ಬುಡದಲ್ಲಿ ಎರಡು ತೂತು. ತಪ್ಪು ನನ್ನದೇ. ಸೋಪು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋದೆ. ಮೊದಲೇ ಮೂರು ಡೋಸ್ ರೇಬಿಸ್ ಲಸಿಕೆ ಹಾಕಿಸಿಕೊಂಡಿದ್ದರಿಂದ ಎರಡು ಡೋಸ್‌ಗೆ ಮುಗಿಯಿತು, ಅವತ್ತೊಂದು, ಮೂರನೇ ದಿನ ಇನ್ನೊಂದು. ನೀನು ಆ ಲಸಿಕೆ ಹಾಕಿಸಿಕೊಂಡಿಲ್ಲ ಅಂದರೆ ಇದನ್ನು ಓದೋದು ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ ಕೇಳು.

19 ದಿನದ ಕೆಲಸ ಅರ್ಧ ಗಂಟೆಯಲ್ಲಿ ಹೋಯಿತು. ಮತ್ತೆ ರಾತ್ರಿ ಊಟ, ಮತ್ತೆ ಮೂಲೆ.

ಎರಡನೇ ಸಲ ಶುರು ಮಾಡಿದಾಗ ಪೊರಕೆಯ ಸಮಸ್ಯೆ ಬಂತು. ಪೊರಕೆ ಕಂಡರೆ ಸುಬ್ಬಿಗೆ ಜೀವ ಹೋಗುತ್ತಿತ್ತು. ಸರಿ, ಮೊದಲು ಲಿವರ್ ಕೊಟ್ಟು ಖುಷಿ ಮಾಡಿ, ತಿನ್ನುತ್ತಿರುವಾಗ ಪೊರಕೆ ತೋರಿಸೋಣ ಅಂತ ಲೆಕ್ಕ ಹಾಕಿದೆ. ನಾಲ್ಕನೇ ದಿನಕ್ಕೆ ಏನಾಯಿತು ಗೊತ್ತಾ? ಲಿವರ್ ಡಬ್ಬಿ ಮುಚ್ಚಳ ತೆಗೆದ ಸದ್ದಿಗೇ ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡಳು! ಪಾವ್ಲೋವ್ ಅವರ ನಾಯಿ ಕಥೆ ಹೈಸ್ಕೂಲಿನಲ್ಲಿ ಓದಿದ್ದೆವಲ್ಲ, ಸದ್ದು ಮೊದಲು, ಊಟ ಆಮೇಲೆ, ಅದಕ್ಕೇ ಸದ್ದಿಗೆ ಜೊಲ್ಲು. ನಾನು ಅದನ್ನು ತಿರುಗಾಮುರುಗಾ ಮಾಡಿದ್ದೆ, ಲಿವರ್ ಬಂತು ಅಂದರೆ ಪೊರಕೆ ಬರುತ್ತದೆ ಅಂತ ಅವಳು ಕಲಿತುಬಿಟ್ಟಿದ್ದಳು. ಪರೀಕ್ಷೆಯಲ್ಲಿ ಅದಕ್ಕೆ ಐದಕ್ಕೆ ಐದು ತಗೊಂಡಿದ್ದೆ ಬೇರೆ. ಆಮೇಲೆ ಪೊರಕೆಯನ್ನು ಹಿತ್ತಲ ಆ ತುದಿಯಲ್ಲಿ, ಅವಳು ನೋಡಿಯೂ ಓಡದಷ್ಟು ದೂರದಲ್ಲಿ, ಒಂದು ಕ್ಷಣ ತೋರಿಸಿ, ಆಮೇಲೆ ಲಿವರ್ ಎಸೆಯುತ್ತಿದ್ದೆ. ಪೊರಕೆ ಮರೆಯಾದರೆ ಲಿವರೂ ಬಂದ್. ಮೂರು ವಾರ ಆಯಿತು. ಈಗ ನಾನು ಕಸ ಗುಡಿಸಿದರೆ ಹಿಂದೆಯೇ ಬರುತ್ತಾಳೆ, ಅದೊಂದು ಬೇರೆ ಕಾಟ.

ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅಂತ ನಿನಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೇನಿಲ್ಲ. ಹೆದರಿಕೆ ಬೇಕಂತ ಮಾಡುವ ಚೇಷ್ಟೆ ಅಲ್ಲ, ಬಹುಮಾನ ಕೊಟ್ಟರೆ ಹೆಚ್ಚಾಗೋಕೆ. ಹತ್ತಿರ ಬಂದರೆ ಜೊತೆಗಿರು. ಬರದಿದ್ದರೆ ಹುಡುಕಿಕೊಂಡು ಹೋಗಬೇಡ.

ನವೆಂಬರ್‌ನಲ್ಲಿ ದೀಪಾವಳಿ ಬಂತು. ಮೂರು ರಾತ್ರಿ ಪಟಾಕಿ. ಆಮೇಲೂ ಅವಳು ಸರಿಹೋಗಲಿಲ್ಲ. ಕುಕ್ಕರ್ ಕೂಗಿದರೆ, ಬೀರು ಬಾಗಿಲು ಹಾಕಿದರೆ, ಯಾರಾದರೂ ಕೆಮ್ಮಿದರೆ, ಎಲ್ಲಕ್ಕೂ ಬೆಚ್ಚುತ್ತಿದ್ದಳು. ಒಂದರ ಮೇಲೆ ಒಂದು ಸೇರಿದರೆ ಹೀಗಾಗುತ್ತದೆ, ಸಾಲದ ಮೇಲೆ ಬಡ್ಡಿ ಏರಿದ ಹಾಗೆ. ಆಗ ಡಾಕ್ಟರು ಫ್ಲುಆಕ್ಸೆಟಿನ್ ಅನ್ನುವ, ಆತಂಕ ಕಮ್ಮಿ ಮಾಡುವ ಮಾತ್ರೆ ಬರೆದುಕೊಟ್ಟರು, ಕೆಲಸ ಶುರುವಾಗೋಕೆ ನಾಲ್ಕರಿಂದ ಆರು ವಾರ ಬೇಕು, ನಡುವೆ ನಿಲ್ಲಿಸಬೇಡಿ ಅಂದರು. ನಾಯಿಗೂ ಡಿಪ್ರೆಷನ್ನಾ ಅಂತ ಪಕ್ಕದ ಮನೆಯವರು ನಕ್ಕರು. ನಗಲಿ ಬಿಡು. ಭಯ ತಲೆ ತುಂಬ ಇರುವಾಗ ಏನನ್ನೂ ಕಲಿಯೋಕಾಗಲ್ಲ, ಅದು ಮನುಷ್ಯರಿಗೂ ಅಷ್ಟೇ ಅಲ್ವಾ? ಆದರೆ ಮನೆಯಲ್ಲಿರುವ ಯಾರದೋ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಕೆಲಸ ಮಾತ್ರ ಮಾಡಬೇಡ.

ಮುಂದಿನದು ನಾನು ಎಷ್ಟು ಓದಿದ್ದರೂ ಹೊಳೆಯುತ್ತಿರಲಿಲ್ಲ.

ಜನವರಿ, ಅವರೆಕಾಯಿ ಕಾಲ. ಅಮ್ಮನ ಮೊಣಕಾಲು ನೋವಿಗೆ ಬಿಸಿಲು ಬೇಕು, ಹಾಗಾಗಿ ದಿನಾ ಹತ್ತು ಗಂಟೆಗೆ ಹಿತ್ತಲಲ್ಲಿ ಮಣೆ ಹಾಕಿಕೊಂಡು, ಮೊರದಲ್ಲಿ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದರು. ಸುಬ್ಬಿ ಹಿತ್ತಲ ಆ ಮೂಲೆಯಲ್ಲಿ, ಕರಿಬೇವಿನ ಗಿಡದ ಬುಡದಲ್ಲಿ. ಅಮ್ಮನಿಗೆ ಅವಳ ಭಯ, ಅವಳಿಗೆ ಅಮ್ಮನ ಭಯ. ಅಮ್ಮ ಆ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ, ಕರೆಯುವ ಮಾತಂತೂ ದೂರವೇ. ಮುಂದೆ ಕೈ ಚಾಚುವುದಿಲ್ಲ, ಎದ್ದು ಓಡಾಡುವುದಿಲ್ಲ. ಎರಡು ಗಂಟೆ ಒಂದೇ ಜಾಗ, ಒಂದೇ ಸದ್ದು, ಸಿಪ್ಪೆ ಪಟ್ ಅನ್ನುವುದು, ಕಾಳು ಪಾತ್ರೆಗೆ ಬೀಳುವುದು. ನಾನು ಆರು ತಿಂಗಳಿಂದ ಹಾಗಿರಲು ಒದ್ದಾಡುತ್ತಿದ್ದೆ, ಅಮ್ಮನಿಗೆ ಅದು ಸುಮ್ನೆ ಬಂದಿತ್ತು.

ಮೊದಲ ವಾರ ಸುಬ್ಬಿ ಒಗೆಯುವ ಕಲ್ಲಿನ ತನಕ ಬಂದಳು. ಎರಡನೇ ವಾರ ಒಂದು ದಿನ ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೇನೆ, ಅಮ್ಮನ ಬೆನ್ನ ಹಿಂದೆ ನಿಂತಿದ್ದಾಳೆ. ನೆಲದ ಮೇಲೆ ಹರಡಿದ್ದ ಸೀರೆ ಸೆರಗಿನ ಅಂಚನ್ನು ಮೂಸಿದಳು. ಮೂಗು ಸೆರಗಿನ ಮೇಲೆಯೇ ಮೇಲಕ್ಕೆ, ಸೊಂಟದ ತನಕ. ಅಮ್ಮನ ಕೈ ನಿಂತುಹೋಯಿತು. ಬಿಸಿ ಉಸಿರು ತಾಗಿರಬೇಕು. ಮುಖ ಬಿಳಚಿಕೊಂಡಿತ್ತು, ಆದರೆ ಕೂಗಲಿಲ್ಲ. ಒಂದು ಕ್ಷಣ ಬಿಟ್ಟು, ಮತ್ತೆ ಕಾಯಿ ಬಿಡಿಸಲು ಶುರು ಮಾಡಿದರು, ಪಟ್, ಪಟ್. ಸುಬ್ಬಿ ಒಂದು ಖಾಲಿ ಸಿಪ್ಪೆ ಕಚ್ಚಿಕೊಂಡು ಕರಿಬೇವಿನ ಗಿಡದ ಕೆಳಗೆ ಹೋಗಿ ಮಲಗಿದಳು. ಅವತ್ತು ಸಂಜೆ ಹಿತಕಿದ ಬೇಳೆ ಸಾರು ಬಡಿಸುತ್ತಾ ಅಮ್ಮ ಹೇಳಿದರು, "ನಿನ್ನ ನಾಯಿಗೆ ಮೂಗು ತಣ್ಣಗಿದೆ ಕಣೇ."

ಅದು ಮಾತ್ರೆಯಿಂದಲೋ ಅವರೆಕಾಯಿಯಿಂದಲೋ ಅಂತ ನನ್ನ ಗಂಡ ಈಗಲೂ ವಾದ ಮಾಡುತ್ತಾರೆ. ಎರಡೂ ಇರಬಹುದು. ಲೆಕ್ಕ ಬಿಡಿಸುವ ಆಸೆ ನನಗಿಲ್ಲ.

ಮುಟ್ಟುವ ವಿಷಯ ಅದಾದ ಎಷ್ಟೋ ತಿಂಗಳಿಗೆ ಬಂತು. ತಲೆ ಮೇಲೆ ಕೈ ಇಡಲೇಬೇಡ, ಮೇಲಿಂದ ಬರುವ ಕೈ ಅವಕ್ಕೆ ಹೊಡೆತದ ಹಾಗೆ ಕಾಣುತ್ತದೆ. ಎದೆಯ ಪಕ್ಕದಲ್ಲಿ ಎರಡು ಬೆರಳಲ್ಲಿ ಮೂರು ಸೆಕೆಂಡ್ ಕೆರೆದು ಕೈ ತೆಗೆದುಬಿಡು. ಇನ್ನೂ ಬೇಕು ಅಂದರೆ ವಾಲುತ್ತದೆ. ಬೇಡ ಅಂದರೆ ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಮುಖ ಆ ಕಡೆ ತಿರುಗಿಸುತ್ತದೆ. ನಿದ್ದೆ ಬಂದಿದೆ ಅಂದುಕೊಳ್ಳಬೇಡ, ಅದು ಬೇಡ ಅನ್ನುತ್ತಿದೆ. ಸುಬ್ಬಿ ಬೇಡ ಅಂದ ದಿನ ನಾನು ಎದ್ದು ಹೋಗುತ್ತಿದ್ದೆ. ಬೇಡ ಅಂದರೆ ಇವಳು ಕೇಳುತ್ತಾಳೆ ಅಂತ ಗೊತ್ತಾದ ಮೇಲೆ ಬೇಡ ಅನ್ನುವುದು ಕಮ್ಮಿಯಾಯಿತು.

ಬಾಗಿಲ ಬಗ್ಗೆ ಒಂದು ಮಾತು. ಇಂಥ ನಾಯಿ ಒಮ್ಮೆ ತಪ್ಪಿಸಿಕೊಂಡರೆ ಕರೆದರೆ ಬರುವುದಿಲ್ಲ, ಹಿಂದೆ ಓಡಿದರೆ ಇನ್ನೂ ದೂರ ಓಡುತ್ತದೆ. ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ತಂದವರು ಗೇಟು ಹಾಕದೆ ಹೋಗಿ ಸುಬ್ಬಿ ಒಂದು ಇಡೀ ರಾತ್ರಿ ಕಾಣೆಯಾಗಿದ್ದಳು. ಅವಳ ಗೋಣಿಚೀಲ ಒಂದನ್ನು ಗೇಟಿನ ಹೊರಗೆ ಹಾಸಿ, ಗೇಟು ತೆರೆದಿಟ್ಟು, ಲೈಟ್ ಆರಿಸಿ ಒಳಗೆ ಕಾದಿದ್ದೆವು. ಬೆಳಗಿನ ಜಾವ ಬಂದು ಅದರ ಮೇಲೆ ಮಲಗಿದ್ದಳು. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ವಾಕಿಂಗ್ ಗೀಕಿಂಗ್ ಸದ್ಯಕ್ಕೆ ಬೇಡ. ಹೊರಗೆ ಕರೆದೊಯ್ಯಲೇಬೇಕು ಅಂದರೆ ಕತ್ತಿನ ಬೆಲ್ಟಿಗೆ ಒಂದು ಹಗ್ಗ, ಎದೆಗೆ ಹಾಕುವ ಹಾರ್ನೆಸ್‌ಗೆ ಇನ್ನೊಂದು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬೆಲ್ಟಿನಿಂದ ತಲೆ ಸಲೀಸಾಗಿ ಜಾರಿಬರುತ್ತದೆ.

ಸುಬ್ಬಿ ನಮ್ಮ ಮನೆಯಲ್ಲಿ ಮೊದಲ ಸಲ ಬೊಗಳಿದ್ದು ಬಂದು ಹದಿನಾಲ್ಕು ತಿಂಗಳಿಗೆ. ಅಲ್ಲಿ ತನಕ ಅವಳ ದನಿಯೇ ಕೇಳಿರಲಿಲ್ಲ. ಸೊಪ್ಪಿನವರು ಗೇಟಿನ ಹತ್ತಿರ ಕೂಗಿದ್ದಕ್ಕೆ ಒಂದೇ ಒಂದು ಸಲ "ಬೌ" ಅಂದು, ತನ್ನ ಸದ್ದಿಗೆ ತಾನೇ ಬೆಚ್ಚಿ ಹಿಂದೆ ನೋಡಿದಳು. ಅಡಗಿಕೊಳ್ಳುವ ನಾಯಿ ಬೊಗಳುವುದಿಲ್ಲ, ಬೊಗಳಿದರೆ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದಲ್ಲ. ಅಮ್ಮ ಒಳಗಿಂದ ಬಂದು ಸೊಪ್ಪಿನವರಿಗೆ, "ಹೆದರಬೇಡಿ, ಅದಕ್ಕೇ ಭಯ" ಅಂದರು. ಈಗಲೂ ನೆಂಟರು ಬಂದರೆ ಎದ್ದು ಒಳಗೆ ಹೋಗುತ್ತಾಳೆ, ನಾವು ಯಾರಿಗೂ ಮುಟ್ಟಲು ಬಿಡುವುದಿಲ್ಲ.

ನೀನು ಇವತ್ತು ಮಾಡಬೇಕಾಗಿರುವುದು ಇಷ್ಟು. ವಾಷಿಂಗ್ ಮೆಷಿನ್ ಪ್ಲಗ್ ತೆಗೆ, ಒಂದೆರಡು ವಾರ ಬಟ್ಟೆಯನ್ನು ನಿಮ್ಮ ಅಕ್ಕನ ಮನೆಯಲ್ಲಿ ಒಗೆದುಕೋ. ಮೆಷಿನ್ ಮುಂದೆ ಒಂದು ಹಳೇ ಬೆಡ್‌ಶೀಟ್ ಇಳಿಬಿಡು, ಅಡಗಿಕೊಂಡಿದ್ದೇನೆ ಅಂತ ಅದಕ್ಕೆ ಪೂರ್ತಿ ಅನ್ನಿಸಲಿ. ಊಟ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಬಾ. ನಿಮ್ಮ ಮನೆ ನೆಲವೂ ನಮ್ಮದರ ಹಾಗೇ ನುಣುಪು, ಗೃಹಪ್ರವೇಶದ ದಿನ ನಾನೇ ಜಾರಿದ್ದೆ, ನೆನಪಿದೆಯಾ? ಭಾನುವಾರ ಬಾ, ಗೋಣಿಚೀಲ ಒಗೆದು ಒಣಗಿಸಿಟ್ಟಿದ್ದೇನೆ, ಐದು ತಗೊಂಡು ಹೋಗು. ಸುಬ್ಬಿ ಈಗ ಬರೀ ನೆಲದ ಮೇಲೆ ಗೋಡೆ ಪಕ್ಕ ಪಕ್ಕ ನಡೆಯುತ್ತಾಳೆ. ಅಡುಗೆಮನೆ ಮುಂದಿನ ಒಂದನ್ನು ಮಾತ್ರ ಕೊಡೋಕಾಗಲ್ಲ, ಅಲ್ಲಿ ಇನ್ನೂ ಬೇಕು ಅವಳಿಗೆ.